ಕಡಲಿಗೆ ಬೆನ್ನು ಹಾಕಿ ಊರು ತೋರಿಸಿದ್ದು

ಧಾರವಾಡದ ಹಾಸ್ಟೆಲಿನಲ್ಲಿ ಎರಡು ವರ್ಷ ನನ್ನ ಕೋಣೆಯಲ್ಲೇ ಇದ್ದ ರೋಣದ ಗೆಳೆಯನೊಬ್ಬ ನಿಮ್ಮ ಸಮುದ್ರ ನೋಡಲು ಬರುತ್ತೇನೆಂದು ಮೂವತ್ತೆಂಟು ವರ್ಷಗಳಿಂದ ಹೇಳುತ್ತಲೇ ಇದ್ದ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ, ಹೊಲದ ಕಡಲೆ, ಜೋಳಗಳ ಉಸ್ತುವಾರಿಯನ್ನು ಮಗನಿಗೆ ವಹಿಸಿ, ಈ ಜನವರಿಯಲ್ಲಿ ಕೊನೆಗೂ ಹುಬ್ಬಳ್ಳಿಯಿಂದ ಬಸ್ಸು ಹಿಡಿದು, ಅರಬೈಲು ಘಟ್ಟ ಇಳಿದು, ಅಂಕೋಲೆಯ ದಾರಿಯಾಗಿ ಕುಂದಾಪುರಕ್ಕೆ ಬಂದಿಳಿದ. ಸಂಕ್ರಾಂತಿಯನ್ನು ನಡುವೆ ಇಟ್ಟುಕೊಂಡು ನಾಲ್ಕು ದಿನ ಇರುವ ಯೋಚನೆ ಅವನದು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಅದಕ್ಕಿಂತ ದೊಡ್ಡದಾದ ಖಡಕ್ ರೊಟ್ಟಿಯ ಡಬ್ಬಿ.

ಅವನು ಬರುವ ಹದಿನೈದು ದಿನ ಮೊದಲೇ ನಾನು ತೋರಿಸಬೇಕಾದ ಸ್ಥಳಗಳ ಪಟ್ಟಿ ಮಾಡಿದ್ದೆ. ಒಟ್ಟು ಹದಿನಾಲ್ಕು ಹೆಸರುಗಳಿದ್ದವು. ಈಗ ಅದನ್ನು ನೆನೆದರೆ ಸ್ವಲ್ಪ ನಾಚಿಕೆಯಾಗುತ್ತದೆ, ಏಕೆಂದರೆ ಅದರಲ್ಲಿ ನಾನು ಕಳೆದ ಹತ್ತು ವರ್ಷಗಳಲ್ಲಿ ನನ್ನಷ್ಟಕ್ಕೆ ನಾನೇ ಒಮ್ಮೆಯೂ ಹೋಗದ ಸ್ಥಳಗಳೇ ಅರ್ಧದಷ್ಟಿದ್ದವು. ನೆಂಟರು ಬಂದಾಗ ಮಾತ್ರ ಹೋಗುವ ಜಾಗಗಳು ಎಲ್ಲರ ಊರಿನಲ್ಲೂ ಇರುತ್ತವೆ. ನನ್ನ ಪಟ್ಟಿ ಅಂಥವುಗಳಿಂದಲೇ ತುಂಬಿತ್ತು.

ಮೊದಲ ದಿನ ಆ ಪಟ್ಟಿಯಂತೆ ನಡೆದೆವು. ಬೆಳಿಗ್ಗೆ ಏಳಕ್ಕೆ ಆನೆಗುಡ್ಡೆಯ ವಿನಾಯಕನಿಗೆ ಕೈಮುಗಿದು, ಹಿಂದಿರುಗಿ ಕೊಲ್ಲೂರಿಗೆ ಹೋಗಿ, ಅಲ್ಲಿಂದ ಬೈಂದೂರಿಗೆ ಇಳಿದು, ಭಟ್ಕಳ ದಾಟಿ ಮುರುಡೇಶ್ವರ ತಲುಪುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. 123 ಅಡಿಯ ಶಿವನ ಮೂರ್ತಿ, 20 ಅಂತಸ್ತಿನ ಗೋಪುರ, ಅದರ ಲಿಫ್ಟಿಗೆ ಉದ್ದನೆಯ ಸಾಲು. ಬಯಲುಸೀಮೆಯ ಒಣ ಹವೆಗೆ ಒಗ್ಗಿಕೊಂಡ ಮನುಷ್ಯನಿಗೆ ನಮ್ಮ ಬಿಸಿಲಿಗಿಂತ ನಮ್ಮ ಬೆವರು ಕಷ್ಟ ಎಂಬುದು ನನಗೆ ಹೊಳೆದೇ ಇರಲಿಲ್ಲ. ಅವನ ಅಂಗಿ ಮೈಗೆ ಅಂಟಿಕೊಂಡಿತ್ತು. ಸಾಲಿನಲ್ಲಿ ನಿಂತವನು ಒಂದೇ ಸಮನೆ ಮುಖ ಒರೆಸಿಕೊಳ್ಳುತ್ತಿದ್ದ. ವಾಪಸಾಗುವಾಗ ಮರವಂತೆಯಲ್ಲಿ ಸೂರ್ಯಾಸ್ತ ತೋರಿಸಬೇಕೆಂದು ಗಡಿಬಿಡಿಯಿಂದ ಕಾರು ಓಡಿಸಿದೆ. ಕಡಲತೀರದಲ್ಲಿ ಗಾಡಿ ನಿಲ್ಲಿಸಿ ಪಕ್ಕಕ್ಕೆ ತಿರುಗಿದರೆ ಅವನು ಬಾಯಿ ತೆರೆದು ನಿದ್ರಿಸುತ್ತಿದ್ದ. ಎಬ್ಬಿಸಿದೆ. ಐದು ನಿಮಿಷ ನೋಡಿ, "ಚಂದ ಐತಿ" ಎಂದ. ರಾತ್ರಿ ಊಟಕ್ಕೆ ಕುಳಿತಾಗ, ನನ್ನನ್ನು ನೋಯಿಸುವ ಉದ್ದೇಶವಿಲ್ಲದೆ, ಸಹಜವಾಗಿ ಹೇಳಿದ: "ಇವನ್ನೆಲ್ಲಾ ನಾ ಫೋನಿನ್ಯಾಗ ನೋಡೇನಿ. ಫೋನಿನ್ಯಾಗ ಮಂದಿ ಕಡಿಮಿ ಇದ್ರು, ಅಷ್ಟ ಫರಕು."

ಅಂದು ರಾತ್ರಿ ಪಟ್ಟಿಯನ್ನು ಮಡಿಸಿ ಡ್ರಾಯರಿಗೆ ಹಾಕಿದೆ. ಎರಡು ನಿಯಮಗಳನ್ನು ಮಾತ್ರ ಇಟ್ಟುಕೊಳ್ಳುವುದೆಂದು ನಿಶ್ಚಯಿಸಿದೆ. ಹನ್ನೆರಡರಿಂದ ನಾಲ್ಕು ಗಂಟೆಯವರೆಗೆ ಮನೆಯ ಜಗಲಿ ಬಿಟ್ಟು ಕದಲಬಾರದು; ನಾನು ಯಾವ ಯಾವ ಕೆಲಸಕ್ಕೆ ಎಲ್ಲೆಲ್ಲಿಗೆ ಹೋಗುತ್ತೇನೋ ಅಲ್ಲಿಗೇ ಅವನನ್ನೂ ಕರೆದೊಯ್ಯಬೇಕು.

ಮರುದಿನ ನಸುಕಿನಲ್ಲಿ ಗಂಗೊಳ್ಳಿ ಬಂದರಿಗೆ ಹೋದೆವು. ಕುಂದಾಪುರದಿಂದ ಗಂಗೊಳ್ಳಿ ಎದುರುಬದಿಯ ದಡದಲ್ಲೇ ಕಾಣುತ್ತದೆ; ಕೂಗಿದರೆ ಕೇಳುವಷ್ಟು ಹತ್ತಿರ ಎನ್ನಿಸುತ್ತದೆ. ಆದರೆ ರಸ್ತೆಯಲ್ಲಿ ಹೋಗಬೇಕಾದರೆ ಹೆದ್ದಾರಿ ಹಿಡಿದು, ಸೇತುವೆಗಳನ್ನು ದಾಟಿ, ಬಹುದೂರ ಉತ್ತರಕ್ಕೆ ಹೋಗಿ ಮತ್ತೆ ದಕ್ಷಿಣಕ್ಕೆ ತಿರುಗಿ ಬರಬೇಕು. ಈ ಸುತ್ತು ಅವನಿಗೆ ಅರ್ಥವಾಗಲಿಲ್ಲ. ಎದುರಿಗೇ ಕಾಣುವ ಊರಿಗೆ ಹೋಗಲು ಅರ್ಧ ಗಂಟೆಗೂ ಹೆಚ್ಚು ಏಕೆ ಬೇಕು ಎಂದು ಕೇಳಿದ. ನಮ್ಮ ನೆಲದ ನಕ್ಷೆಯನ್ನು ರಸ್ತೆಯಿಂದ ಓದಬಾರದು, ನೀರಿನಿಂದ ಓದಬೇಕು ಎಂದು ಹೇಳಿದೆ. ಆ ಮಾತು ಅವನಿಗೆ ಆಗ ತಾಗಲಿಲ್ಲ. ಹೇಳಿದ ನನಗೇ ಅದರ ಉಪಯೋಗ ಮರುದಿನವಷ್ಟೇ ಗೊತ್ತಾಯಿತು.

ಶುದ್ಧ ಸಸ್ಯಾಹಾರಿಯೊಬ್ಬನನ್ನು ಮೀನು ಬಂದರಿಗೆ ಕರೆದೊಯ್ಯುವುದು ಸರಿಯೇ ಎಂದು ನನ್ನ ಹೆಂಡತಿ ಅನುಮಾನಿಸಿದ್ದಳು. ಮೊದಲ ಹತ್ತು ನಿಮಿಷ ಅವನು ಕರವಸ್ತ್ರವನ್ನು ಮೂಗಿನಿಂದ ತೆಗೆಯಲಿಲ್ಲ, ನಿಜ. ಆಮೇಲೆ ಕರವಸ್ತ್ರ ಕಿಸೆಗೆ ಹೋಯಿತು. ದಕ್ಕೆಯ ಮೇಲೆ ಬುಟ್ಟಿಗಳ ಸಾಲು, ಮಂಜುಗಡ್ಡೆ ಪುಡಿಮಾಡುವ ಯಂತ್ರದ ಸದ್ದು, ಸೊಂಟಕ್ಕೆ ಸೀರೆ ಬಿಗಿದು ರಾಶಿಯ ಮುಂದೆ ನಿಂತು ದರ ಏರಿಸುವ ಹೆಂಗಸರು, ಕೊಂಕಣಿಯಿಂದ ಕುಂದಗನ್ನಡಕ್ಕೆ, ಅಲ್ಲಿಂದ ಮತ್ತೆ ಕೊಂಕಣಿಗೆ ಹಾರುವ ಮಾತು. ಮೀನನ್ನು ತಿನ್ನದವನಿಗೆ ಮೀನಿಗಿಂತ ಬಲೆ ಹೆಚ್ಚು ಆಸಕ್ತಿ ಹುಟ್ಟಿಸುತ್ತದೆ ಎಂಬುದನ್ನು ನಾನು ಅಲ್ಲಿ ಕಂಡೆ. ಬಲೆ ಹರಡಿಕೊಂಡು ಹರುಕು ಸರಿಪಡಿಸುತ್ತಿದ್ದವರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ. ಪರ್ಸೀನ್ ಬಲೆಯ ಅಂಚಿಗೆ ಬಳೆಗಳನ್ನು ಕಟ್ಟಿ, ಅವುಗಳ ಮೂಲಕ ಹಗ್ಗ ಹಾಯಿಸಿರುತ್ತಾರೆ. ಮೀನಿನ ಗುಂಪಿನ ಸುತ್ತ ಬಲೆ ಬಿಟ್ಟ ಮೇಲೆ ಆ ಹಗ್ಗ ಎಳೆದರೆ ತಳ ಮುಚ್ಚಿಕೊಳ್ಳುತ್ತದೆ. ಅವರು ವಿವರಿಸಿ ಮುಗಿಸುವ ಮೊದಲೇ ಇವನು, "ಅಂದ್ರ ನಮ್ಮ ಎಲಿ-ಅಡಕಿ ಸಂಚಿ ಇದ್ದಂಗ" ಎಂದ. ಹಗ್ಗ ಹಿಡಿದಿದ್ದ ಹಿರಿಯರು ಕತ್ತೆತ್ತಿ ಇವನನ್ನು ನೋಡಿ, "ಹ್ವಾಯ್, ನಿಮ್ದ್ ಯಾವ್ ಬದಿ?" ಎಂದು ಕೇಳಿದರು. ಮಾತು ಅಲ್ಲಿಂದ ಎಲ್ಲಿಗೋ ಹೋಯಿತು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ ಎಂಬ ವಿಷಯ ಬಂದಾಗ ಅವನು ಬಹಳ ಹೊತ್ತು ಪ್ರಶ್ನೆ ಕೇಳಿದ. ಆ ಎರಡು ತಿಂಗಳು ಬೋಟಿನ ಸಾಲದ ಕಂತು ಹೇಗೆ ಕಟ್ಟುತ್ತೀರಿ, ನಾಡದೋಣಿಯವರಿಗೆ ಆ ನಿರ್ಬಂಧ ಇಲ್ಲವೇ, ಬೈಗೆ (ಬೂತಾಯಿ) ಮೀನು ಒಂದು ವರ್ಷ ರಾಶಿ ಬಿದ್ದು ಇನ್ನೊಂದು ವರ್ಷ ಮಾಯವಾಗುವುದಕ್ಕೆ ಕಾರಣವೇನು ಎಂದೆಲ್ಲ. ಮಳೆಯನ್ನು ನಂಬಿ ಬಿತ್ತುವವನ ಪ್ರಶ್ನೆಗಳವು. ಕಡಲಿನ ಅಲೆ ನೋಡಿ ಐದು ನಿಮಿಷಕ್ಕೆ ಬೇಸರಗೊಂಡಿದ್ದವನು ಬಂದರಿನಲ್ಲಿ ಎರಡೂವರೆ ಗಂಟೆ ನಿಂತ.

ಊಟದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕರಾವಳಿಯ ಊಟವೆಂದರೆ ಮೀನು ಎಂದು ಹೊರಗಿನವರು ತಿಳಿದಿರುವುದರಿಂದ, ಸಸ್ಯಾಹಾರಿ ಅತಿಥಿ ಬಂದರೆ ಅವರಿಗೆ ಹೋಟೆಲಿನ ಪೂರಿ-ಸಾಗುವೇ ಗತಿ ಎಂದು ನಾವೂ ನಂಬಿಬಿಡುತ್ತೇವೆ. ನನ್ನ ಹೆಂಡತಿ ಹಾಗೆ ನಂಬಲಿಲ್ಲ. ಬೆಳಿಗ್ಗೆ ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು, ಒಂದು ದಿನ ಬನ್ಸು, ಮಧ್ಯಾಹ್ನ ಕುಚ್ಚಲಕ್ಕಿ ಅನ್ನಕ್ಕೆ ಸೌತೆಕಾಯಿ ಹುಳಿ, ಒಂದೆಲಗದ ತಂಬುಳಿ, ರಾತ್ರಿ ಗಂಜಿಗೆ ಅಪ್ಪೆಮಿಡಿ. ಕುಚ್ಚಲಕ್ಕಿಯ ದಪ್ಪ ಅಗುಳು ಅವನಿಗೆ ಮೊದಲ ದಿನ ಗಂಟಲಲ್ಲಿ ಇಳಿಯಲಿಲ್ಲ. ಆಗ ಅವನ ರೊಟ್ಟಿಯ ಡಬ್ಬಿ ತೆರೆಯಿತು. ಖಡಕ್ ರೊಟ್ಟಿಯನ್ನು ನಮ್ಮ ಹುರುಳಿ ಸಾರಿನಲ್ಲಿ ಅದ್ದಿ ತಿನ್ನುವ ಕ್ರಮವೊಂದು ನಮ್ಮ ಮನೆಯಲ್ಲಿ ಅಂದು ಶುರುವಾಯಿತು; ಮೂರನೆಯ ದಿನಕ್ಕೆ ಡಬ್ಬಿ ಖಾಲಿಯಾಗಿ, ಅವನು ಗಂಜಿಗೂ, ನಾವು ಶೇಂಗಾ ಚಟ್ನಿಗೂ ಒಗ್ಗಿಕೊಂಡಿದ್ದೆವು. "ಅಣ್ಣ, ಇನ್ನೊಂಚೂರ್ ಹಾಕ್ತೆ" ಎಂದು ನನ್ನ ಹೆಂಡತಿ ಹೇಳುವುದನ್ನು ಅವನು ಅವಳಂತೆಯೇ ಹೇಳಿ ತೋರಿಸುತ್ತಿದ್ದ, ಕೆಟ್ಟದಾಗಿ.

ನಿಜವಾದ ತಿರುವು ಬಂದದ್ದು ಸಂಕ್ರಾಂತಿಯ ಬೆಳಿಗ್ಗೆ, ಅದೂ ನನ್ನಿಂದಲ್ಲ. ಅವರ ಕಡೆ ಸಂಕ್ರಾಂತಿಯ ದಿನ ಹೊಳೆಯ ಸ್ನಾನ ಆಗಲೇಬೇಕು. ಮಲಪ್ರಭೆಯ ದಡಕ್ಕೋ, ಅದು ಕೃಷ್ಣೆಯನ್ನು ಸೇರುವ ಕೂಡಲಸಂಗಮಕ್ಕೋ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೋಗುತ್ತಾರೆ. ನಮ್ಮ ಮನೆ ವಾರಾಹಿಯ ದಡದಿಂದ ಕೂಗಳತೆಯಲ್ಲಿದೆ. ನಾನು ಏಳುವ ಮೊದಲೇ ಅವನು ಟವೆಲು ಹೆಗಲಿಗೆ ಹಾಕಿಕೊಂಡು ಹೊಳೆಬದಿಗೆ ಹೋಗಿದ್ದ. ಹಿಂದೆಯೇ ಓಡಿ ಹೋಗುವ ಹೊತ್ತಿಗೆ ಮೊದಲ ಮುಳುಗು ಮುಗಿಸಿ, ಬಾಯಿಯ ನೀರು ಉಗುಳುತ್ತಾ ಎದ್ದು ನಿಂತಿದ್ದ. "ಲೇ, ಇದು ಹೊಳೀನೋ ಸಮುದ್ರೋ? ನೀರು ಸವಳು ಐತಲ್ಲೋ!"

ಸವಳು ಎಂಬ ಆ ಶಬ್ದ ನನಗೆ ಬಾಗಿಲು ತೆರೆದಂತಾಯಿತು. ರೋಣದ ಕಡೆಯ ಕರಿಮಣ್ಣಿನಲ್ಲಿ ಬಾವಿ, ಬೋರುಗಳ ನೀರು ಸವಳಾಗುವುದು ಅವನ ಬದುಕಿನ ದೊಡ್ಡ ಚಿಂತೆಗಳಲ್ಲೊಂದು. ಅವನ ಹೊಲದ ಒಂದು ಮೂಲೆ ಬೆಳ್ಳಗೆ ಪುಟವೆದ್ದು ಬಿತ್ತಲು ಬಾರದಂತಾದ ಕಥೆಯನ್ನು ಪ್ರತಿ ಫೋನಿನಲ್ಲೂ ಹೇಳುತ್ತಿದ್ದ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ನೆಲದಲ್ಲಿ ಸವಳು ಇರುವುದು ಅವನಿಗೆ ಗೊತ್ತಿತ್ತು. ಸುಮಾರು 4,000 ಮಿ.ಮೀ. ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ, ಎದೆಯುದ್ದ ನೀರಿರುವ ಹೊಳೆಯಲ್ಲಿ ಅದೇ ರುಚಿ ಸಿಕ್ಕಿದ್ದು ಅವನಿಗೆ ನಂಬಲಾಗದ ಸಂಗತಿ. ನಾನು ಹದಿನಾಲ್ಕು ಸ್ಥಳಗಳ ಪಟ್ಟಿಯಲ್ಲಿ ಹುಡುಕಿದ್ದ ದಾರಿ ಅವನ ಬಾಯಿಯೊಳಗೇ ಇತ್ತು.

ಮೈ ಒರೆಸಿಕೊಳ್ಳದೆಯೇ ಅವನು ದಡದ ಮೇಲೆ ಕುಳಿತ. ನಾನು ಗೊತ್ತಿದ್ದಷ್ಟು ಹೇಳತೊಡಗಿದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕುಂದಾಪುರದ ಬಳಿ ಒಂದಾಗಿ, ಪಂಚಗಂಗಾವಳಿ ಎನಿಸಿಕೊಂಡು, ಗಂಗೊಳ್ಳಿ ಮತ್ತು ಕೋಡಿಯ ನಡುವಿನ ಅಳಿವೆಯಲ್ಲಿ ಕಡಲು ಸೇರುತ್ತವೆ. (ಐದನೆಯದರ ಹೆಸರನ್ನು ಕೇದಕ ಎಂದು ಹೇಳುವವರೂ ಇದ್ದಾರೆ, ನಮ್ಮೂರಿನ ಕಟ್ಟೆಯಲ್ಲಿ ಈ ಚರ್ಚೆ ಎತ್ತಿದರೆ ಸಂಜೆ ಕಳೆಯುತ್ತದೆ.) ಅಳಿವೆಯೆಂದರೆ ಹೊಳೆ ಕಡಲಿಗೆ ಹೋಗುವ ಬಾಗಿಲು ಮಾತ್ರವಲ್ಲ, ಕಡಲು ಹೊಳೆಯೊಳಗೆ ಬರುವ ಬಾಗಿಲೂ ಹೌದು. ದಿನಕ್ಕೆ ಎರಡು ಸಲ ಭರತ, ಅಂದರೆ ಉಬ್ಬರ, ಬಂದಾಗ ಉಪ್ಪುನೀರು ಹೊಳೆಯ ಪಾತ್ರದಲ್ಲಿ ಒಳನಾಡಿನ ಕಡೆಗೆ ಏರುತ್ತದೆ, ಇಳಿತದಲ್ಲಿ ಹಿಂದಕ್ಕೆ ಸರಿಯುತ್ತದೆ. ಪ್ರತಿದಿನ ಭರತದ ಹೊತ್ತು ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಅದರ ಎತ್ತರ ಹೆಚ್ಚು. ಮಳೆಗಾಲದಲ್ಲಿ ಘಟ್ಟದಿಂದ ಇಳಿಯುವ ಕೆಂಪುನೀರು ಉಪ್ಪನ್ನು ಅಳಿವೆಯ ಹೊರಗೇ ತಡೆದು ನಿಲ್ಲಿಸುತ್ತದೆ. ಮಳೆ ನಿಂತು ಹೊಳೆಯ ಬಲ ಕುಗ್ಗಿದ ಹಾಗೆ ಉಪ್ಪು ಮೇಲೇರುತ್ತದೆ.

"ಅದನ್ನ ತಡಿಯಾಕ ಏನ್ ಮಾಡ್ತೀರಿ?" ಎಂದು ಕೇಳಿದ. ಆ ದಿನದ ಉಳಿದ ಕಾರ್ಯಕ್ರಮವನ್ನು ಆ ಪ್ರಶ್ನೆಯೇ ನಿರ್ಧರಿಸಿತು.

ತಿಂಡಿ ಮುಗಿಸಿ ಅವನನ್ನು ಒಂದು ಕಿಂಡಿ ಅಣೆಕಟ್ಟಿಗೆ ಕರೆದೊಯ್ದೆ. ಇದನ್ನು ಯಾವ ಪ್ರವಾಸಿ ಕೈಪಿಡಿಯೂ ಹೇಳುವುದಿಲ್ಲ. ಹೊಳೆಗೆ ಅಡ್ಡಲಾಗಿ ಕಾಂಕ್ರೀಟಿನ ಕಂಬಗಳು, ಅವುಗಳ ನಡುವೆ ಕಿಂಡಿಗಳು. ಮಳೆಗಾಲದಲ್ಲಿ ಕಿಂಡಿ ತೆರೆದಿರುತ್ತದೆ, ಮಳೆ ಕಡಿಮೆಯಾದ ಮೇಲೆ ಹಲಗೆ ಜೋಡಿಸಿ, ಎರಡು ಸಾಲು ಹಲಗೆಗಳ ನಡುವೆ ಮಣ್ಣು ತುಂಬಿ ಮುಚ್ಚುತ್ತಾರೆ. ಮೇಲ್ಭಾಗದಲ್ಲಿ ಸಿಹಿನೀರು, ಕೆಳಭಾಗದಲ್ಲಿ ಉಪ್ಪುನೀರು. ಹಲಗೆ ಹಾಕುವುದು ಒಂದು ವಾರ ತಡವಾದರೂ, ಒಂದು ಹಲಗೆ ಕೊಳೆತಿದ್ದರೂ ಮೇಲಿನ ಗದ್ದೆಗಳಿಗೆ, ಬಾವಿಗಳಿಗೆ ಉಪ್ಪು ನುಗ್ಗುತ್ತದೆ. ಅವನು ಎರಡೂ ಬದಿಗೆ ಇಳಿದು ನೀರನ್ನು ನಾಲಿಗೆಗೆ ಹಚ್ಚಿಕೊಂಡು ನೋಡಿದ. ಮೇಷ್ಟರಲ್ಲವೇ, ಪ್ರಯೋಗ ಮಾಡದೆ ನಂಬುವುದಿಲ್ಲ. ಕೆಳಬದಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು ಕೆಸರಿನಿಂದ ಮೇಲೆದ್ದು ನಿಂತಿದ್ದವು, ಮೇಲ್ಬದಿಯಲ್ಲಿ ತೆಂಗು, ಅಡಿಕೆ. ನಡುವೆ ನಾಲ್ಕು ಮಾರು ಅಗಲದ ಕಟ್ಟೆ. ಅವನು ಆ ಕಟ್ಟೆಯ ಮೇಲೆ ಅಡ್ಡಾಡಿದ ಉತ್ಸಾಹವನ್ನು ನಾನು ಮುರುಡೇಶ್ವರದ ಗೋಪುರದಲ್ಲಿ ಕಂಡಿರಲಿಲ್ಲ.

ಅಲ್ಲಿಂದ ಒಂದು ಕುದ್ರುವಿಗೆ ಹೋದೆವು. ಹೊಳೆಯ ನಡುವಿನ ನಡುಗಡ್ಡೆಗೆ ನಮ್ಮಲ್ಲಿ ಕುದ್ರು ಎನ್ನುತ್ತಾರೆ. ಐದು ಹೊಳೆಗಳು ಹೆಣೆದುಕೊಳ್ಳುವ ನಮ್ಮ ಭಾಗದಲ್ಲಿ ಇಂಥವು ಹಲವಾರಿವೆ. ಪರಿಚಯದವರ ಮನೆಯ ಜಗಲಿಯಲ್ಲಿ ಕುಳಿತು ಬೆಲ್ಲ-ನೀರು ಕುಡಿದ ಮೇಲೆ ಅವನು ಬಾವಿ ನೋಡಬೇಕೆಂದ. ಮುರಕಲ್ಲಿನಿಂದ ಕಟ್ಟಿದ ಬಾವಿ, ಕೈಚಾಚಿದರೆ ಸಿಗುವಷ್ಟು ಮೇಲೆ ನೀರು. ರೋಣದಲ್ಲಿ ನೂರಾರು ಅಡಿ ಕೊರೆಸಿ ಗಾಳಿ ಕಂಡವನು ಇಷ್ಟು ಮೇಲೆ ನೀರು ನಿಂತಿರುವುದನ್ನು ನೋಡಿ ಮಾತಾಡದೆ ನಿಂತ. ಒಂದು ಕೊಡ ಸೇದಿ, ಬೊಗಸೆಯಲ್ಲಿ ಕುಡಿದು, "ಇನ್ನೂ ಸಿಹಿ ಐತಿ, ಆದ್ರ ಅಂಚಿಗೆ ಬಂದೈತಿ" ಎಂದ. ಮನೆಯ ಅಮ್ಮ ನಕ್ಕು, "ಈಗ ಅಡ್ಡಿಲ್ಲೆ. ಏಪ್ರಿಲಿಗ್ ಬನಿ, ಬಾಯಿಗ್ ಹಾಕೂಕ್ ಆತ್ತಿಲ್ಲೆ" ಎಂದರು. ಮರಳಿನ ಕೆಳಗೆ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ, ಪಂಪು ಹಾಕಿ ಹೆಚ್ಚು ಎಳೆದಷ್ಟೂ ಕೆಳಗಿನ ಉಪ್ಪು ಮೇಲೇರುತ್ತದೆ ಎಂದು ಅವನೇ ಅವರಿಗೆ ವಿವರಿಸಿದ. ಪಂಪು ತೆಗೆದು ಹಾಕಿ ಹಗ್ಗ-ಕೊಡಕ್ಕೆ ಮರಳಿದ್ದೇವೆ ಎಂದು ಅವರು ಹೇಳಿದಾಗ, ಸರಿಯಾದದ್ದನ್ನೇ ಮಾಡಿದ್ದೀರಿ ಎಂದು ಮೇಷ್ಟರ ಗತ್ತಿನಲ್ಲಿ ಅಂಕ ಕೊಟ್ಟ. ಹೊರಡುವಾಗ ಒಂದು ಸೀಸೆ ಕೇಳಿ ಆ ಬಾವಿಯ ನೀರು ತುಂಬಿಸಿಕೊಂಡ.

ಉಪ್ಪಿನಕುದ್ರು ದಾರಿಯಲ್ಲೇ ಇತ್ತು. ಯಕ್ಷಗಾನದ ಬಡಗುತಿಟ್ಟಿನ ವೇಷಭೂಷಣ ತೊಟ್ಟ ಸೂತ್ರದ ಗೊಂಬೆಗಳ ಆಟ ಅಲ್ಲಿನ ಕಾಮತ್ ಮನೆತನದಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಕೊಗ್ಗ ಕಾಮತರ ಕಾಲದಲ್ಲಿ ಅದು ಹೊರದೇಶಗಳವರೆಗೂ ಹೋಗಿತ್ತು. ಅಂದು ಪ್ರದರ್ಶನವಿರಲಿಲ್ಲ, ಗೊಂಬೆಗಳನ್ನಷ್ಟೇ ನೋಡಿ ಬಂದೆವು. ಸಂಕ್ರಾಂತಿಯ ಆ ದಿನ ಹೆಮ್ಮಾಡಿಯ ಆಸುಪಾಸಿನ ಗದ್ದೆಗಳಲ್ಲಿ ಸೇವಂತಿಗೆ ಹಳದಿಯಾಗಿ ಹಾಸಿಕೊಂಡಿತ್ತು. ಹೆಮ್ಮಾಡಿ ಸೇವಂತಿಗೆ ಎಂದೇ ಹೆಸರಾದ ಈ ಹೂವು ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಮಕರ ಸಂಕ್ರಮಣದ ಜಾತ್ರೆಗೆ ಸರಿಯಾಗಿ ಅರಳುತ್ತದೆ. ದೇವರಿಗೆ ಅದೇ ಮುಖ್ಯ ಹರಕೆ. ಬೆಳೆಗಾರರು ಜಾತ್ರೆಯ ದಿನಕ್ಕೆ ಹೊಂದಿಸಿ ಗಿಡ ನೆಡುತ್ತಾರೆ, ಚಳಿಯ ಹದ ಸ್ವಲ್ಪ ತಪ್ಪಿದರೆ ಮೊಗ್ಗು ಹಿಂದೆ ಬೀಳುತ್ತದೆ, ಜಾತ್ರೆ ಮುಗಿದ ಮೇಲೆ ಅರಳಿದ ಹೂವಿಗೆ ಬೆಲೆಯಿಲ್ಲ. ಈ ಲೆಕ್ಕಾಚಾರ ಅವನಿಗೆ ಹಿಡಿಸಿತು. ಎರಡು ಮಾಲೆ ಕೊಂಡು ಮಾರಣಕಟ್ಟೆಗೆ ಹೋಗಿ, ಜಂಗುಳಿಯಲ್ಲಿ ಹೆಚ್ಚು ನಿಲ್ಲದೆ, ಹೂವು ಒಪ್ಪಿಸಿ ಹೊರಬಂದೆವು.

ಮರವಂತೆಗೆ ಎರಡನೆಯ ಬಾರಿ ಹೋದದ್ದು ಆ ಸಂಜೆ. ಹೆದ್ದಾರಿ 66ರ ಒಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ. ಬರುವವರೆಲ್ಲ ಕಡಲಿನ ಕಡೆಗೇ ಮುಖ ಮಾಡಿ ಫೋಟೋ ತೆಗೆಯುತ್ತಾರೆ. ಈ ಸಲ ನಾನು ಅವನನ್ನು ಕಡಲಿಗೆ ಬೆನ್ನು ಹಾಕಿ ನಿಲ್ಲಿಸಿದೆ. ಕೊಡಚಾದ್ರಿಯ ಮಗ್ಗುಲಿನಿಂದ ಇಳಿದು, ಕೊಲ್ಲೂರು ದಾಟಿ ಬಂದ ಹೊಳೆ ಕಡಲಿಗೆ ಒಂದು ರಸ್ತೆಯಷ್ಟು ಹತ್ತಿರ ಬಂದ ಮೇಲೂ ಅದನ್ನು ಸೇರದೆ, ಮುಖ ತಿರುಗಿಸಿಕೊಂಡು, ಇನ್ನೂ ಸುಮಾರು ಹತ್ತು ಕಿ.ಮೀ. ದಕ್ಷಿಣಕ್ಕೆ ನಡೆದು ಗಂಗೊಳ್ಳಿಯಲ್ಲಿ ಕೂಡುತ್ತದೆ. ಅಲೆಗಳು ಗುಡ್ಡೆಹಾಕಿದ ಮರಳಿನ ದಿಬ್ಬ ಅದರ ದಾರಿಯನ್ನು ಕಟ್ಟಿ ಹಾಕಿದೆ. ನಾವು ನಿಂತಿರುವ ಹೆದ್ದಾರಿ ಆ ದಿಬ್ಬದ ಮೇಲೆಯೇ ಇದೆ. ಇಷ್ಟು ಹೇಳಿದಾಗ ಅವನಿಗೆ ಹಿಂದಿನ ದಿನದ ಗಂಗೊಳ್ಳಿಯ ಸುತ್ತು ನೆನಪಾಯಿತು. "ಅದಕ್ಕ ನಿನ್ನೆ ಅಷ್ಟ ಸುತ್ತಿಸಿದಿ" ಎಂದ. ಕಾರಿನಲ್ಲಿ ನಾವು ಸುತ್ತಿದ್ದು ಹೊಳೆ ಸುತ್ತಿದ ದಾರಿಯನ್ನೇ.

ಅವನು ಕಾಲು ತೋಯಿಸಿಕೊಳ್ಳಲು ಅಲೆಯ ಕಡೆ ಹೋಗುತ್ತೇನೆಂದಾಗ ಮಾತ್ರ ನಾನು ಕಟ್ಟುನಿಟ್ಟಾಗಿ ಬೇಡವೆಂದೆ. ಮರವಂತೆಯ ದಡ ಕಡಿದಾಗಿ ಇಳಿಯುತ್ತದೆ. ಮೊಣಕಾಲುದ್ದದ ನೀರಿನಿಂದ ಮುಂದಿನ ಹೆಜ್ಜೆಗೆ ಆಳ ಸಿಗಬಹುದು, ಹಿಂದಕ್ಕೆ ಹರಿಯುವ ಅಲೆ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಈಜು ಬಲ್ಲ ಹೊಳೆಯೂರಿನವರೂ ಕಡಲಿನಲ್ಲಿ ಎಡವುತ್ತಾರೆ, ಕೆರೆಯೂರಿನವರ ಮಾತು ಹೇಳಬೇಕಿಲ್ಲ. ಊರು ತೋರಿಸುವವರು ಅತಿಥಿಯ ಮಾತನ್ನು ಒಪ್ಪಬಾರದ ಸಂದರ್ಭ ಇದೊಂದು. ಅವನಿಗೆ ಕೋಪ ಬಂತು, ಐದು ನಿಮಿಷಕ್ಕೆ ಇಳಿಯಿತು. ಮರುದಿನ ಕೋಡಿಯಲ್ಲಿ, ಅಳಿವೆಯ ಬದಿಯ ಸೀ ವಾಕ್ ಮೇಲೆ ಕೂರಿಸಿ, ಅಳಿವೆಯ ಬಾಯಿಯಲ್ಲಿ ಹೊಳೆಯ ಹರಿವೂ ಕಡಲಿನ ಅಲೆಯೂ ಎದುರುಬದುರಾಗಿ ನೀರು ಕುದಿಯುವುದನ್ನು ತೋರಿಸಿದ ಮೇಲೆ, "ನೀ ಅಂದದ್ದು ಖರೆ" ಎಂದ.

ಸಂಕ್ರಾಂತಿಯ ರಾತ್ರಿ ಪಕ್ಕದ ಊರಿನ ಗದ್ದೆಯಲ್ಲಿ ಹರಕೆಯ ಯಕ್ಷಗಾನದ ಆಟವಿತ್ತು. ನವೆಂಬರಿನಿಂದ ಮೇ ತಿಂಗಳವರೆಗೆ ನಮ್ಮ ಭಾಗದಲ್ಲಿ ಯಾವುದಾದರೂ ಮೇಳದ ಚಂಡೆಯ ಸದ್ದು ಗಾಳಿಯಲ್ಲಿ ಇದ್ದೇ ಇರುತ್ತದೆ. ಮಂದಾರ್ತಿ ಕ್ಷೇತ್ರವೊಂದರಿಂದಲೇ ಐದು ಮೇಳಗಳು ಹೊರಡುತ್ತವೆ. ಯಕ್ಷಗಾನವನ್ನು ಹೊಸಬರಿಗೆ ತೋರಿಸುವಾಗ ನಾನು ಅನುಸರಿಸುವ ಕ್ರಮ ಒಂದಿದೆ. ಮೊದಲು ಚೌಕಿಗೆ, ಅಂದರೆ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ, ಅನುಮತಿ ಕೇಳಿ, ಚಪ್ಪಲಿ ಹೊರಗೆ ಬಿಟ್ಟು ಕರೆದೊಯ್ಯುತ್ತೇನೆ. ಗಣಪತಿಯ ಮುಂದೆ ದೀಪ, ಸಾಲಾಗಿ ಕುಳಿತು ಕನ್ನಡಿ ನೋಡಿಕೊಂಡು ಮುಖ ಬರೆಯುವ ಮಂದಿ, ಅಟ್ಟೆ ಅಟ್ಟೆಯಾಗಿ ಬಟ್ಟೆ ಸುತ್ತಿ ಕಟ್ಟುವ ಮುಂಡಾಸು. ಸಾಮಾನ್ಯ ಮನುಷ್ಯನೊಬ್ಬ ಕಣ್ಣೆದುರೇ ಕರ್ಣನಾಗುವುದನ್ನು ನೋಡಿದವರಿಗೆ ಆಮೇಲೆ ರಂಗಸ್ಥಳದ ಮಾತು ಅರ್ಧ ತಿಳಿಯದಿದ್ದರೂ ಬೇಸರವಾಗುವುದಿಲ್ಲ. ಮಹಾಭಾರತದ ಪ್ರಸಂಗವಾಗಿದ್ದರಿಂದ ಕಥೆ ಹೇಳುವ ತೊಂದರೆಯೂ ಇರಲಿಲ್ಲ. ಅವನು ಬಾಲ್ಯದಲ್ಲಿ ದೊಡ್ಡಾಟ ಕಂಡವನು. ಅವರ ಕಿರೀಟ, ಭುಜಕೀರ್ತಿಗಳಿಗೂ ಇವಕ್ಕೂ ಇರುವ ಹೋಲಿಕೆಯನ್ನು ನನಗೆ ತೋರಿಸುತ್ತಾ ಹೋದ. ಅವರ ಕುಣಿತದಲ್ಲಿ ನೆಲ ಒದೆಯುವ ಜೋರು ಹೆಚ್ಚು, ಇವರಲ್ಲಿ ಹೆಜ್ಜೆಯ ನಾಜೂಕು ಹೆಚ್ಚು ಎಂಬುದು ಅವನ ತೀರ್ಪು. ನಾನು ಒಪ್ಪಲಿಲ್ಲ. ರಾತ್ರಿ ಒಂದೂವರೆಗೆ ಗೋಳಿಬಜೆ ತಿನ್ನುತ್ತಾ ಅದರ ಬಗ್ಗೆ ಜಗಳವಾಡಿದೆವು, ಹಾಸ್ಟೆಲಿನಲ್ಲಿ ಆಡುತ್ತಿದ್ದಂತೆಯೇ.

ಕೊನೆಯ ದಿನ ಮಧ್ಯಾಹ್ನದವರೆಗೆ ಇಬ್ಬರೂ ಮಲಗಿದ್ದೆವು. ಬಿಸಿಲು ಇಳಿದ ಮೇಲೆ, ಕೋಡಿಗೆ ಹೋಗುವ ಮುನ್ನ, ಬಸ್ರೂರಿಗೆ ಹೋದೆವು. ನನ್ನ ಊರಿನ ಸುತ್ತಮುತ್ತ ನನಗೆ ಅತ್ಯಂತ ಇಷ್ಟವಾದ ಸ್ಥಳ ಇದು, ಆದರೆ ಇದನ್ನು ತೋರಿಸುವುದು ಕಷ್ಟ, ಏಕೆಂದರೆ ತೋರಿಸಲು ಹೆ­ಚ್ಚೇನೂ ಇಲ್ಲ. ವಾರಾಹಿಯ ದಡದಲ್ಲಿ ಕೆಲವು ದೇವಸ್ಥಾನಗಳು, ಶಾಸನಗಳು, ಮೂಡುಕೇರಿ, ಪಡುಕೇರಿ ಎಂಬ ಹಳೆಯ ಕೇರಿಗಳ ಹೆಸರು, ಹೆಂಚಿನ ಮನೆಗಳು, ಬಹಳಷ್ಟು ಮೌನ. ಪೋರ್ಚುಗೀಸರು ಬಾರ್ಸೆಲೋರ್ ಎಂದು ಬರೆದಿಟ್ಟ ಬಂದರು ಇದೇ. ಕರಾವಳಿಯ ಅಕ್ಕಿ ಇಲ್ಲಿಂದ ಗೋವೆಗೂ ಅರಬ್ ನಾಡುಗಳ ಕಡೆಗೂ ಹೋಗುತ್ತಿತ್ತು. ಘಟ್ಟದ ಮೇಲಿನ ಮೆಣಸು ಇಲ್ಲಿಗೆ ಇಳಿಯುತ್ತಿತ್ತು. 1665ರಲ್ಲಿ ಶಿವಾಜಿ ಹಡಗುಗಳೊಂದಿಗೆ ಕಡಲಿನ ದಾರಿಯಲ್ಲಿ ಬಂದು ಈ ಊರನ್ನು ಕೊಳ್ಳೆಹೊಡೆದ ಎಂದರೆ ಇದರ ಸಂಪತ್ತು ಎಷ್ಟಿದ್ದಿರಬೇಕು. ಕಡಲಿನಿಂದ ಇಷ್ಟು ಒಳಗಿರುವ ಊರು ಬಂದರಾದದ್ದು ಹೇಗೆ ಎಂದು ಹಿಂದೆ ಕರೆತಂದ ಅತಿಥಿಗಳೆಲ್ಲ ಕೇಳಿದ್ದರು. ಇವನು ಕೇಳಲಿಲ್ಲ. ಹೊಳೆಯ ಅಂಚಿಗೆ ಹೋಗಿ, ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, "ಭರತದ ಜೋಡಿ ಒಳಗ ಬರೂದು, ಇಳಿತದ ಜೋಡಿ ಹೊರಗ ಹೋಗೂದು. ಎಣ್ಣಿ ಬ್ಯಾಡ, ಎತ್ತು ಬ್ಯಾಡ" ಎಂದ. ಹಡಗಿನ ವ್ಯಾಪಾರದ ಬಗ್ಗೆ ನಾನು ಸಿದ್ಧಮಾಡಿಕೊಂಡಿದ್ದ ಭಾಷಣ ಅಲ್ಲಿಗೆ ಮುಗಿಯಿತು. ಹಡಗುಗಳು ದೊಡ್ಡದಾಗಿ ಹೊಳೆಯ ಪಾತ್ರ ಹೂಳಿನಿಂದ ಕಿರಿದಾದ ಮೇಲೆ ಊರು ಹಿಂದೆ ಸರಿಯಿತು ಎಂಬುದನ್ನಷ್ಟೇ ಸೇರಿಸಿದೆ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿಸುವಾಗ ಅವನ ಚೀಲದಲ್ಲಿ ಐದು ಕಿಲೋ ಕುಚ್ಚಲಕ್ಕಿ, ಹಲಸಿನ ಹಪ್ಪಳದ ಕಟ್ಟು, ಬಟ್ಟೆಯಲ್ಲಿ ಸುತ್ತಿದ ಆ ನೀರಿನ ಸೀಸೆ ಇದ್ದವು. ಘಟ್ಟದ ತಿರುವುಗಳಲ್ಲಿ ಸೀಸೆ ಚೆಲ್ಲಬಾರದೆಂದು ತೊಡೆಯ ಮೇಲೆಯೇ ಇಟ್ಟುಕೊಂಡು ಕುಳಿತ.

ಮೂರು ದಿನಗಳ ನಂತರ ಫೋನು ಬಂತು. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರನ್ನು ಶಾಲೆಯಿಂದ ಎರವಲು ತಂದು, ಕುದ್ರುವಿನ ಬಾವಿಯ ನೀರನ್ನೂ ತನ್ನ ಹೊಲದ ಬೋರಿನ ನೀರನ್ನೂ ಪಕ್ಕಪಕ್ಕದಲ್ಲಿಟ್ಟು ಅಳೆದಿದ್ದ. ಕಡಲಿನಿಂದ ಸುಮಾರು ಇನ್ನೂರು ಕಿ.ಮೀ. ದೂರದ ಅವನ ಬೋರಿನದೇ ಹೆಚ್ಚು ಸವಳಂತೆ. ಅದನ್ನು ಹೇಳುವಾಗ ಅವನ ದನಿಯಲ್ಲಿ ದುಃಖಕ್ಕಿಂತ ಗೆದ್ದ ಹೆಮ್ಮೆಯೇ ಹೆಚ್ಚಿತ್ತು. ಏಪ್ರಿಲ್ ಅಮಾವಾಸ್ಯೆಯ ಭರತದ ಹೊತ್ತಿಗೆ ಅದೇ ಬಾವಿಯಿಂದ, ಅದೇ ಆಳದಿಂದ, ಇನ್ನೊಂದು ಸೀಸೆ ತುಂಬಿಸಿ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳುಹಿಸಬೇಕೆಂದು ಆಜ್ಞೆಯಾಗಿದೆ. ಕುದ್ರುವಿನ ಅಮ್ಮನಿಗೆ ಹೇಳಿಟ್ಟಿದ್ದೇನೆ. ಸೀಸೆಯನ್ನು ಸೋಪು ಹಾಕದೆ, ಬಿಸಿನೀರಿನಲ್ಲಿ ಮಾತ್ರ ತೊಳೆಯಬೇಕಂತೆ.